ಕೆರೆ ಅಂಚು: ಸುತ್ತ ಕಲ್ಲು ಕಟ್ಟಬೇಕೋ, ಇಳಿಜಾರು ಬಿಡಬೇಕೋ?

ಏರಿಗೆ ಕಲ್ಲೇ ಸರಿ. ಇಲ್ಲದಿದ್ದರೆ ಅಲೆ ಮಣ್ಣು ಕೊರೆಯುತ್ತದೆ. ಆದರೆ ಬೆಂಗಳೂರಿನ ಹಲವು ಕೆರೆಗಳಲ್ಲಿ ಸುತ್ತಲೂ ಕಲ್ಲು ಕಟ್ಟಿ, ತಳವನ್ನು ಒಂದೇ ಸಮ ಅಗೆದು ಬಟ್ಟಲು ಮಾಡಿಟ್ಟಿದ್ದಾರೆ. ವಾಕಿಂಗ್ ಪಾತ್‌ಗೆ ಜಾಗ ಸಿಗುತ್ತದೆ, ನಿಜ. ಕೊಳಬಕಕ್ಕೆ ಕಾಲೂರಲು ನೆಲೆಯಿಲ್ಲ.

ಇಳಿಜಾರಿಗೆ ಅಗಲ ಬೇಕು: 1:5ರ ಲೆಕ್ಕದಲ್ಲಿ 1.5 ಮೀಟರ್ ಆಳಕ್ಕೆ 7.5 ಮೀಟರ್. ಮೊಣಕಾಲುದ್ದ ನೀರಲ್ಲಿ ಜೊಂಡು ಬೆಳೆದರೆ ಜಂಬುಕೋಳಿ ಗೂಡು ಕಟ್ಟುತ್ತದೆ. ಕೊಳಚೆ ಸೇರುವಲ್ಲಿ ಅದೇ ಜೊಂಡು ಕೆರೆಯನ್ನೇ ಆವರಿಸುತ್ತದೆ. ಬೇಸಿಗೆಯಲ್ಲಿ ಮೂರನೇ ಒಂದು ಪಾಲು ಕೊಯ್ದು ಹೊರಗೆ ಸಾಗಿಸಿ. ದಡದಲ್ಲೇ ಬಿಟ್ಟರೆ ಕೊಳೆತು ಪೋಷಕಾಂಶವೆಲ್ಲ ಮತ್ತೆ ನೀರಿಗೇ. ಮಳೆಗಾಲದಲ್ಲಿ ಗೂಡುಗಳಿರುತ್ತವೆ, ಮುಟ್ಟಬೇಡಿ.

ರಸ್ತೆ ಒತ್ತಿಕೊಂಡ ಕಡೆ ಕಲ್ಲು, ರಾಜಕಾಲುವೆ ಸೇರುವ ಕಡೆ ಇಳಿಜಾರು. ಟೆಂಡರ್ ನಕ್ಷೆಯಲ್ಲೇ ಬರೆಸಿ. ಹಿಟಾಚಿ ಇಳಿದ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ.