ಹಳೇ ಅಂಬಾಸಿಡರ್‌ಗೆ ಅಂಡರ್‌ಡ್ಯಾಶ್ ಎಸಿ ಕಿಟ್: ತಂಪೇನೋ ಸರಿ, ಗಾಜಿನ ಮಂಜು?

ಬಡವರ ಊಟಿ ಅನ್ನಿಸಿಕೊಂಡ ಹಾಸನದಲ್ಲಿ ಅಂಬಾಸಿಡರ್‌ಗೆ ಎಸಿ ಯಾತಕ್ಕೆ ಅನ್ನುವವರು ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ನೋಡಬೇಕು. ಕಿಟಕಿ ಇಳಿಸಿದರೆ ಮಳೆ ಒಳಗೆ, ಏರಿಸಿದರೆ ಮುಂದಿನ ಗಾಜಿಗೆ ಮಂಜು. ಎಸಿಯ ಕಾಯಿಲ್ ಗಾಳಿಯ ತೇವವನ್ನು ನೀರಾಗಿಸಿ ಹೊರಹಾಕುತ್ತದೆ. ನಮ್ಮ ಕಡೆ ಅದರ ದೊಡ್ಡ ಉಪಯೋಗ ಅದೇ. ಅಂಗಡಿಯಲ್ಲಿ ಸಿಗುವ, ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸುವ ಸಾಮಾನ್ಯ ಅಂಡರ್‌ಡ್ಯಾಶ್ ಕಿಟ್ ಏಪ್ರಿಲ್ ಬಿಸಿಲಿಗೆ ಪಾಸ್, ಈ ಕೆಲಸಕ್ಕೆ ಮಾತ್ರ ಅರ್ಧ ಅಂಕ.

ಕಿಟ್‌ನಲ್ಲಿ ಬರುವುದು ಕಾಯಿಲ್ ಮತ್ತು ಬ್ಲೋವರ್ ಇರುವ ಪೆಟ್ಟಿಗೆ, ಗ್ಯಾಸ್ ಒತ್ತುವ ಕಂಪ್ರೆಸರ್, ಶಾಖ ಹೊರಬಿಡುವ ಕಂಡೆನ್ಸರ್, ತೇವ ಹೀರುವ ಡ್ರೈಯರ್, ಹೋಸ್‌ಗಳು. ಬಾರದಿರುವುದು ಎಂಜಿನ್‌ಗೆ ಒಪ್ಪುವ ಬ್ರಾಕೆಟ್, ಎರಡು ಗ್ರೂವ್‌ನ ಕ್ರ್ಯಾಂಕ್ ಪುಲ್ಲಿ, ಕಾರು ನಿಂತಾಗಿನ ಎಂಜಿನ್ ವೇಗ (ಐಡಲ್) ಏರಿಸುವ ಸೊಲೆನಾಯ್ಡ್. ಈ ಮೂರಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕು, ಇಲ್ಲವೇ ಲೇತ್‌ನವರ ಹತ್ತಿರ ಮಾಡಿಸಬೇಕು. ಬ್ರಾಕೆಟ್ ತೆಳು ತಗಡಾದರೆ ಅದುರಿ ಬೆಲ್ಟ್ ತಿನ್ನುತ್ತದೆ. ಪುಲ್ಲಿಗಳ ಸಾಲು ಒಂದೂವರೆ ಮಿಲಿಮೀಟರ್‌ಗಿಂತ ಹೆಚ್ಚು ತಪ್ಪಬಾರದು.

ಕಂಪ್ರೆಸರ್ ಹೆಚ್ಚಾಗಿ ಸ್ಯಾಂಡೆನ್ 508 ಮಾದರಿಯದು, 138 ಸಿಸಿ. 1.8 ಲೀಟರ್ ಇಸುಜು ಎಂಜಿನ್‌ಗೆ ಅದು ಸರಿ. ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್‌ಗೆ ಭಾರ. ಅದಕ್ಕೆ 87 ಸಿಸಿಯ 505 ಕೇಳಿ ತೆಗೆದುಕೊಳ್ಳಿ. ಸಾವಿರ ಮೀಟರ್ ಎತ್ತರದಲ್ಲಿ ಕಾರ್ಬುರೇಟರ್ ಎಂಜಿನ್‌ನ ಶಕ್ತಿ ಮೊದಲೇ ಸುಮಾರು ಶೇ. 10 ಕಡಿಮೆ, ಮೇಲೆ ಘಾಟಿಯ ಏರು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಕಂಪ್ರೆಸರ್ ಕ್ಲಚ್ ಬಿಡಿಸುವ ಮೈಕ್ರೋ ಸ್ವಿಚ್ ಒಂದನ್ನು ಕಾರ್ಬುರೇಟರ್ ಹತ್ತಿರ ಕೂರಿಸಿದರೆ ಶಿರಾಡಿ ಹತ್ತುವಾಗ ಗೇರ್ ಬದಲಿಸುವ ಗೋಳು ಎಷ್ಟೋ ತಗ್ಗುತ್ತದೆ.

ಕಂಡೆನ್ಸರ್ ಪ್ಯಾರಲಲ್ ಫ್ಲೋ, ಅಂದರೆ ಗ್ಯಾಸ್ ಹಲವು ಕೊಳವೆಗಳಲ್ಲಿ ಒಟ್ಟಿಗೆ ಹರಿಯುವ ಮಾದರಿ, ಇರಲೇಬೇಕು. ಹಳೇ ಟ್ಯೂಬ್-ಫಿನ್ ಕಂಡೆನ್ಸರ್ ಆರ್12 ಎಂಬ ಹಳೇ ಎಸಿ ಗ್ಯಾಸ್ ಕಾಲದ್ದು. ಆರ್134ಎ ಗ್ಯಾಸ್‌ನ ಒತ್ತಡ ಹೆಚ್ಚು, ಟ್ರಾಫಿಕ್‌ನಲ್ಲಿ ನಿಂತಾಗ ಹಳೇ ಕಂಡೆನ್ಸರ್‌ಗೆ ಶಾಖ ಬಿಡಲಾಗುವುದಿಲ್ಲ. ಮುಂದೆ 12 ಇಂಚಿನ ಫ್ಯಾನ್ ಬೇಕು, ಅದು ಗಾಳಿಯನ್ನು ರೇಡಿಯೇಟರ್ ಕಡೆಗೆ ತಳ್ಳಬೇಕು. ವೈರ್ ಅದಲುಬದಲಾಗಿ ಉಲ್ಟಾ ತಿರುಗುವ ಫ್ಯಾನ್‌ನಿಂದಲೇ ಎಷ್ಟೋ ಕಾರು ಬಿಸಿಯಾಗುತ್ತವೆ. ಒಂದು ಹಾಳೆ ಹಿಡಿದು ನೋಡಿದರೆ ತಿಳಿಯುತ್ತದೆ.

ಕರೆಂಟ್ ವಿಷಯದಲ್ಲಿ ಕಿಟ್‌ನವರು ಬಾಯಿ ಬಿಡುವುದಿಲ್ಲ. ಕ್ಲಚ್‌ಗೆ 4 ಆಂಪಿಯರ್, ಬ್ಲೋವರ್‌ಗೆ 8ರಿಂದ 12, ಫ್ಯಾನ್‌ಗೆ ಇನ್ನೂ 8-10. ಲ್ಯೂಕಸ್ ಡೈನಮೊ ಕೊಡುವುದೇ 22ರ ಆಸುಪಾಸು, ಐಡಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರ್ ಸೇರಿದರೆ ಬ್ಯಾಟರಿ ಮಲಗುತ್ತದೆ. 45 ಆಂಪಿಯರ್‌ಗೆ ಕಡಿಮೆ ಇಲ್ಲದ ಆಲ್ಟರ್‌ನೇಟರ್ ಮೊದಲು, ಎಸಿ ಆಮೇಲೆ. ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದ್ದು) ಇರುವ ತೀರಾ ಹಳೇ ಕಾರಾದರೆ ನೆಗೆಟಿವ್‌ಗೆ ತಿರುಗಿಸದೆ ಆಲ್ಟರ್‌ನೇಟರ್ ಮುಟ್ಟಬೇಡಿ, ಡಯೋಡ್ ಸುಡುತ್ತದೆ. ಬ್ಲೋವರ್‌ಗೂ ಫ್ಯಾನ್‌ಗೂ ಬೇರೆ ಬೇರೆ ರಿಲೇ, ಬೇರೆ ಫ್ಯೂಸ್.

ಹೋಸ್ ಬ್ಯಾರಿಯರ್ ಜಾತಿಯದೇ (ಗ್ಯಾಸ್ ಸೋರದಂತೆ ಒಳಪದರ ಇರುವುದು) ಆಗಬೇಕು, ಅಳತೆಯನ್ನು ಕಾರಿನಲ್ಲೇ ತೆಗೆದು ಆಮೇಲೆ ಕ್ರಿಂಪ್ ಮಾಡಿಸಬೇಕು. ಎಂಜಿನ್ ಮೌಂಟಿಂಗ್ ಮೇಲೆ ಅಲ್ಲಾಡುವುದರಿಂದ ಸ್ವಲ್ಪ ಸಡಿಲ ಬಿಡಿ. ಡ್ರೈಯರ್ ಮುಚ್ಚಳ ಕೊನೆಗೆ ತೆಗೆಯಿರಿ; ಮಲೆನಾಡಿನ ಗಾಳಿಯಲ್ಲಿ ಅರ್ಧ ದಿನ ತೆರೆದಿಟ್ಟ ಡ್ರೈಯರ್ ಹಾಕಿದರೆ ತೇವ ಎಕ್ಸ್‌ಪ್ಯಾನ್ಶನ್ ವಾಲ್ವ್‌ನಲ್ಲಿ ಹೆಪ್ಪುಗಟ್ಟಿ ತಂಪು ಬಂದು ಬಂದು ನಿಲ್ಲುತ್ತದೆ.

ಗ್ಯಾಸ್ ತುಂಬುವ ಮೊದಲು ಪಂಪ್‌ನಿಂದ ಒಳಗಿನ ಗಾಳಿ, ತೇವ ಹೀರಿ ತೆಗೆಯುವ ವ್ಯಾಕ್ಯೂಮ್ ಕನಿಷ್ಠ 45 ನಿಮಿಷ. ಇಲ್ಲಿ ಒಂದು ಗೊಂದಲ ಪದೇ ಪದೇ ಬರುತ್ತದೆ: ಪುಸ್ತಕದಲ್ಲಿರುವ 29 ಇಂಚು (ಪಾದರಸದ ಅಳತೆ) ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಸುಮಾರು ಒಂದಿಂಚು ಇಳಿಯುವುದರಿಂದ ಚಿಕ್ಕಮಗಳೂರಿನಲ್ಲಿ ಗೇಜ್ 26ರ ಹತ್ತಿರ ನಿಂತರೆ ಅದು ಲೀಕ್ ಅಲ್ಲ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಹಿಂದಕ್ಕೆ ಬಂದರೆ ಮಾತ್ರ ಲೀಕ್ ಹುಡುಕಿ. ಗ್ಯಾಸ್ ತೂಕ ಮಾಡಿ ಹಾಕಿಸಿ. 30 ಡಿಗ್ರಿ ಹವೆಯಲ್ಲಿ ಲೋ ಕಡೆ 25-35 ಪಿಎಸ್‌ಐ, ಹೈ ಕಡೆ 190-215 ಬಂದರೆ ಸಾಕು. ಗ್ಯಾಸ್ ಹರಿಯುವುದನ್ನು ನೋಡುವ ಪುಟ್ಟ ಗ್ಲಾಸಿನಲ್ಲಿ ಗುಳ್ಳೆ ಹೋಗುವವರೆಗೂ ತುಂಬಿಸುವುದು ಆರ್12 ಕಾಲದ ಚಾಳಿ, ಅದರಿಂದ ಓವರ್‌ಚಾರ್ಜ್ ಆಗುತ್ತದೆ.

ಇನ್ನು ಡ್ಯಾಶ್ ಕೆಳಗಿನ ಪೆಟ್ಟಿಗೆ. ಅದರ ಬಾಯಿಗಳೆಲ್ಲ ಎದೆ, ಮುಖದ ಕಡೆಗೇ. ಗಾಜಿಗೆ ಒಂದೂ ಇಲ್ಲ. ಹಿಂಬದಿಯಲ್ಲಿ ದುಂಡು ಪೈಪಿನ ಬಾಯಿ ಇರುವ ಮಾದರಿ ಸಿಕ್ಕರೆ ಎರಡು ಡಕ್ಟ್ ಹೋಸ್ ಎಳೆದು ಡ್ಯಾಶ್ ಮೇಲಿನ, ಗಾಜಿಗೆ ಗಾಳಿ ಬಿಡುವ ಡಿಮಿಸ್ಟರ್ ಸೀಳುಗಳಿಗೆ ಸೇರಿಸಿ. ಅಂಥದ್ದಿಲ್ಲದ ಪೆಟ್ಟಿಗೆ ಈ ಊರಿಗೆ ಬೇಡ. ತಂಪು ತೀರಾ ಏರಿಸಿದರೆ ಗಾಜಿನ ಹೊರಮೈಗೇ ಮಂಜು ಕೂರುತ್ತದೆ, ಥರ್ಮೋಸ್ಟಾಟ್ ಮಧ್ಯದಲ್ಲಿರಲಿ. ಥರ್ಮೋಸ್ಟಾಟ್‌ನ ತಂತಿ ಕಾಯಿಲ್‌ನ ರೆಕ್ಕೆಗಳ ಒಳಗೆ ಸರಿಯಾಗಿ ಚುಚ್ಚಿರದಿದ್ದರೆ ಕಾಯಿಲ್ ಐಸ್ ಕಟ್ಟಿ ಗಾಳಿಯೇ ನಿಲ್ಲುತ್ತದೆ. ನೀರು ಹೋಗುವ ಪೈಪು ಎಲ್ಲೂ ಮೇಲಕ್ಕೆ ಬಾಗಬಾರದು. ಬಾಗಿದರೆ ಎಡಗಡೆ ಕೂತವರ ಕಾಲಿಗೆ ಅಭಿಷೇಕ.

ನವೆಂಬರ್‌ನಿಂದ ಫೆಬ್ರವರಿವರೆಗೆ ಸ್ವಿಚ್ ಮುಟ್ಟದೆ ಬಿಡುವವರ ಕಾರಿನಲ್ಲೇ ಕಂಪ್ರೆಸರ್‌ನ ಶಾಫ್ಟ್ ಸೀಲ್ ಒಣಗಿ ಗ್ಯಾಸ್ ಸೋರುವುದು. ಚಳಿಯಿದ್ದರೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ.