ಕೊನೆಗೆ ನಾಲ್ಕು ಸೊನ್ನೆ, ಒಳಗೆ ಒಂದೂ ಐದಿಲ್ಲ

ಯಾವ ಹೊಸ ಕ್ಯಾಲ್ಕುಲೇಟರ್ ಆಪ್ ಹಾಕಿಕೊಂಡರೂ ನಾನು ಮೊದಲು ಒತ್ತೋದು 2ರ ಘಾತ 67, ಮೈನಸ್ 1. ಉತ್ತರ ನನಗೆ ಬಾಯಿಪಾಠ: 147573952589676412927. ದೊಡ್ಡ ಸಂಖ್ಯೆಗಳನ್ನು ಒಡೆದು ಕೊಡುತ್ತೇನೆ ಅಂತ ಕೊಚ್ಚಿಕೊಳ್ಳುವ ಈ ಆಪ್‌ಗೂ ಅದೇ ಪರೀಕ್ಷೆ ಇಟ್ಟೆ.

ಬಂದದ್ದು 147573952589676410000. ಎರಡನ್ನು ಎರಡರಿಂದ ಎಷ್ಟು ಸಲ ಗುಣಿಸಿದರೂ ಸಮ ಸಂಖ್ಯೆಯೇ, ಒಂದು ಕಳೆದರೆ ಬೆಸ ಬರಲೇಬೇಕು. ಇಲ್ಲಿ ನೋಡಿದರೆ ಬಾಲಕ್ಕೆ ನಾಲ್ಕು ಸೊನ್ನೆ! ಆಗಲಿ ಅಂತ ಅಪವರ್ತನದ ಬಟನ್ ಒತ್ತಿದೆ. ಅರವತ್ತೇಳು ಎರಡುಗಳು ಸಾಲಾಗಿ ಬಂದು ನಿಂತವು. ಅಲ್ಲ ಸ್ವಾಮಿ, ಸೊನ್ನೆಯಲ್ಲಿ ಮುಗಿಯೋ ಸಂಖ್ಯೆಯೊಳಗೆ ಒಂದಾದರೂ 5 ಇರಬೇಡವೇ? ನಾನು ಕೇಳಿದ್ದು ಒಂದು, ಆಪ್ ಒಳಗೆ ಇಟ್ಟುಕೊಂಡಿದ್ದು 2ರ ಘಾತ 67, ಸ್ಕ್ರೀನ್ ಮೇಲೆ ಬರೆದದ್ದು ಮತ್ತೊಂದು.

ಕಾರಣ ಹಳೆಯದೇ. ದಶಮಾಂಶಕ್ಕೆಂದು ಮಾಡಿದ 64 ಬಿಟ್ ಜಾಗದಲ್ಲಿ ಪೂರ್ಣಾಂಕ ತುರುಕಿದರೆ 9007199254740992 ದಾಟಿದ ಮೇಲೆ ಒಂದೊಂದಾಗಿ ಎಣಿಸಲು ಬರುವುದಿಲ್ಲ. ಅದಕ್ಕೆ 1 ಕೂಡಿಸಿ ನೋಡಿದೆ. ಅದೇ ಸಂಖ್ಯೆ ವಾಪಸ್ ಬಂತು.

ಸೆಟ್ಟಿಂಗ್ಸ್‌ನಲ್ಲಿ ಮೂರು ಪುಟ ಇಳಿದರೆ 'ನಿಖರ ಪೂರ್ಣಾಂಕ' ಅಂತೊಂದು ಆಯ್ಕೆ ಸಿಕ್ಕಿತು. ಅದನ್ನು ಆನ್ ಮಾಡಿದ್ದೇ ತಡ, ಆಪ್ ಬೇರೆಯೇ ಆಯಿತು. ಬೆರಳು ಎತ್ತುವಷ್ಟರಲ್ಲಿ ಉತ್ತರ: 193707721 × 761838257287.

ಈ ಸಾಲಿಗಾಗಿ ಎಷ್ಟು ಕಾದಿದ್ದಾರೆ ಅಂತ ನೆನಪಾಯಿತು. 1644ರಲ್ಲಿ ಫ್ರಾನ್ಸಿನ ಪಾದ್ರಿ, ಗಣಿತಪ್ರೇಮಿ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ. ಅಲ್ಲ ಅಂತ 1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ಸಾಧಿಸಿದ, ಆದರೆ ಯಾವುದರಿಂದ ಭಾಗವಾಗುತ್ತದೆ ಅನ್ನೋದು ಅವನಿಗೂ ಸಿಗಲಿಲ್ಲ. ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಗಣಿತಜ್ಞ ಕೋಲ್ ಕೈಗೆ. ಮೂರು ವರ್ಷದ ಭಾನುವಾರಗಳು ಅದಕ್ಕೇ ಹೋದವಂತೆ.

ಒಮ್ಮೆ ಮೋಸ ಹೋದವನು ನಾನು, ಸುಮ್ಮನೆ ನಂಬಲಿಲ್ಲ. ಪೆನ್ಸಿಲ್ ಹಿಡಿದು ಅಂಕಿಗಳನ್ನು ಕೂಡಿಸಿದೆ. ಮೊದಲನೆಯದು 37, ಎರಡನೆಯದು 64, ದೊಡ್ಡದು 109. ಮೂರನ್ನೂ 9ರಿಂದ ಭಾಗಿಸಿದರೆ ಶೇಷ 1. ಅಪವರ್ತನಗಳ ಶೇಷಗಳನ್ನು ಗುಣಿಸಿದರೆ ದೊಡ್ಡದರ ಶೇಷವೇ ಬರಬೇಕು, 1 × 1 = 1, ತಾಳೆಯಾಯಿತು. ಇನ್ನೂ ಒಂದು ಗುಟ್ಟಿದೆ: ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನದಿಂದಲೂ ಒಂದು ಕಳೆದರೆ ಉಳಿದದ್ದು 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗವಾಗಲೇಬೇಕು. 193707720 ಅಂದರೆ 134 × 1445580, ಸರಿಯಾಗಿ. ಇಂಥದ್ದನ್ನು ಒಂದು ಸಾಲಿನಲ್ಲಾದರೂ ತೋರಿಸಬಹುದಿತ್ತು. ಆಪ್ ಉತ್ತರ ಎಸೆದು ಸುಮ್ಮನಾಗುತ್ತದೆ. ಉದ್ದ ಸಂಖ್ಯೆ ಸ್ಕ್ರೀನ್ ಅಂಚಿಗೆ ತುಂಡಾಗೋದೂ ಕಿರಿಕಿರಿ.

ಐದಕ್ಕೆ ಮೂರು ನಕ್ಷತ್ರ. ಆ ಆಯ್ಕೆಯನ್ನು ಮೊದಲಿಂದಲೇ ಆನ್ ಮಾಡಿ ಕೊಟ್ಟರೆ ಇನ್ನೊಂದು ಸೇರಿಸುತ್ತೇನೆ.