ಬೇಸಿಗೆಯಲ್ಲಿ ಹೀಟರ್ ಮಾರಿದ ಮೀನಿನ ಅಂಗಡಿ

ಕಲಬುರಗಿಯಲ್ಲಿ ಮಕ್ಕಳ ಹಟಕ್ಕೆ ಮಣಿದು ಬಣ್ಣದ ಮೀನು ತರಲು ಹೊರಟಿರುವವರು ಇದನ್ನು ಓದಿಯೇ ಹೋಗಬೇಕೆಂದು ವಿನಂತಿ. ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಇಂಥ ಅಂಗಡಿಯನ್ನು ಬಾಗಿಲಲ್ಲೇ ಗುರುತಿಸುವ ಬಗೆಯನ್ನು ಹೇಳುತ್ತೇನೆ.

ಏಪ್ರಿಲ್ ಕೊನೆಯ ವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ಆರಿಸಿದೆವು. ಅಂಚಿನವರೆಗೆ ತುಂಬಿದರೂ ಅದು ಹಿಡಿಯುವುದು ಸುಮಾರು 57 ಲೀಟರ್ ನೀರು. ಅಷ್ಟರಲ್ಲಿ ನಾಲ್ಕು ಗೋಲ್ಡ್‌ಫಿಶ್, ಎರಡು ಏಂಜೆಲ್, ಆರು ನಿಯಾನ್ ಟೆಟ್ರಾ ಮತ್ತು ಒಂದು ಸಕ್ಕರ್ ಮೀನನ್ನು ಒಟ್ಟಿಗೆ ಇಡಬಹುದೆಂದು ಮಾಲೀಕರು ಹೇಳಿದರು. ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಏಂಜೆಲ್ ಮತ್ತು ಟೆಟ್ರಾ ಬೆಚ್ಚನೆಯ ನೀರಿನವು ಎಂಬುದು ನನಗೆ ಆಗ ಗೊತ್ತಿರಲಿಲ್ಲ. "ಇವತ್ತೇ ನೀರ್ ತುಂಬ್ರಿ, ಇವತ್ತೇ ಮೀನ್ ಬಿಡ್ರಿ, ಏನೂ ಆಗಂಗಿಲ್ರಿ ಸರ್" ಎಂದರು. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲಿರುವಾಗ ಒಂದು ಹೀಟರನ್ನೂ ಕಟ್ಟಿಕೊಟ್ಟರು, ನಾನೂ ಹಣ ಕೊಟ್ಟೆ. ಅದನ್ನು ನೆನೆದರೆ ಅವರಿಗಿಂತ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಎಚ್ಚರಿಕೆಯ ಗುರುತು ಅಂಗಡಿಯೊಳಗೇ ಇತ್ತು. ಮೂಲೆಯ ತೊಟ್ಟಿಯಲ್ಲಿ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲಸದ ಹುಡುಗನೊಬ್ಬ ಅವನ್ನು ಬಲೆಯಿಂದ ಎತ್ತಿ ಬಕೆಟ್ಟಿಗೆ ಹಾಕಿ, ಒರೆಸದ ಅದೇ ಬಲೆಯಿಂದ ನಮ್ಮ ಮೀನುಗಳನ್ನು ಹಿಡಿದು ಪಾಲಿಥಿನ್ ಚೀಲಕ್ಕೆ ಬಿಟ್ಟ. ಎಷ್ಟು ಚುರುಕಾದ ಹುಡುಗ ಎಂದುಕೊಂಡಿದ್ದೆ.

ಮೂರನೆಯ ದಿನ ಟೆಟ್ರಾಗಳು ಸತ್ತವು, ಐದನೆಯ ದಿನ ಒಂದು ಏಂಜೆಲ್. ಉಳಿದವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಫೋನ್ ಮಾಡಿದಾಗ ನೀಲಿ ಔಷಧಿ ಹಾಕಿ, ಎಲ್ಲ ನೀರು ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಚೆನ್ನಾಗಿ ತೊಳೆಯಿರಿ ಎಂದರು. ಈ ಸಲಹೆಯೇ ಉಳಿದವುಗಳಿಗೆ ಮುಳುವಾಯಿತೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ಆ ಸ್ಪಂಜಿನಲ್ಲೇ ಬೆಳೆಯುತ್ತವೆ, ಮತ್ತು ಅವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಕ್ಲೋರಿನ್ ಇರುವ ನಲ್ಲಿ ನೀರು ಅವನ್ನು ಕೊಲ್ಲುತ್ತದೆ, ಮೆಥಿಲೀನ್ ಬ್ಲೂ ಎಂಬ ಆ ನೀಲಿ ಔಷಧಿಯೂ ಕೊಲ್ಲುತ್ತದೆ. ಅಂದರೆ ಪ್ರತಿ ಸಾವಿನ ನಂತರ ನಾನು ಮತ್ತೆ ಮೊದಲ ದಿನಕ್ಕೇ ಮರಳುತ್ತಿದ್ದೆ, ಪ್ರತಿ ಬಾರಿಯೂ ಅಂಗಡಿಯಲ್ಲಿ ಹೊಸ ಬಾಟಲಿಗೆ ದುಡ್ಡು ಎಣಿಸುತ್ತಿದ್ದೆ.

ನಮ್ಮ ಊರಿನ ನೀರಿಗೂ ಇದರಲ್ಲಿ ಪಾತ್ರವಿದೆ. ಸುಣ್ಣದಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು, ಕ್ಷಾರೀಯ. ಕ್ಷಾರ ಹೆಚ್ಚಿದಷ್ಟೂ, ಬಿಸಿ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ, ಜೊತೆಗೆ ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಅಮೆಜಾನ್ ಕಡೆಯ ಮೆದು ನೀರಿನ ನಿಯಾನ್ ಟೆಟ್ರಾಗೆ ಇದು ಸುಲಭವಾಗಿ ಒಗ್ಗುವ ನೀರಲ್ಲ. ಗಪ್ಪಿ, ಮೋಲಿಗಳು ಇಂಥ ನೀರಿನಲ್ಲೇ ಹಾಯಾಗಿರುತ್ತವೆ. ಅಂಗಡಿಯವರು ಅದನ್ನು ಹೇಳುವ ಬದಲು, ಅಲಂಕಾರಕ್ಕೆಂದು ಶಹಾಬಾದ್ ಕಲ್ಲಿನ ಚೂರುಗಳನ್ನು ಮಾರಿದರು. ನಮ್ಮ ಮನೆಯ ನೆಲಕ್ಕೆ ಹಾಸಿರುವ ಫರ್ಸಿಯೇ ಅದು! ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯಾಡುವ ಈ ಸುಣ್ಣದಕಲ್ಲು ಅಕ್ವೇರಿಯಂ ನೀರನ್ನು ಮತ್ತಷ್ಟು ಗಡಸು ಮಾಡುತ್ತದೆ.

ಎರಡನೆಯ ವಾರ ಗೋಲ್ಡ್‌ಫಿಶ್‌ಗಳ ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಎದ್ದವು. ಅದು ಒಂದು ಪರೋಪಜೀವಿಯಿಂದ ಬರುವ, ಒದ್ದೆ ಬಲೆಯ ಮೂಲಕವೂ ಹರಡುವ ರೋಗ. ಸಕ್ಕರ್ ಒಂದೇ ಉಳಿಯಿತು. ಅದು ದೊಡ್ಡದಾದರೆ ಏನು ಮಾಡಬೇಕೆಂದು ಕೇಳಿದ್ದಕ್ಕೆ "ಅಪ್ಪನ ಕೆರಿಗೆ ಬಿಟ್ ಬರ್ರಿ" ಎಂಬ ಉತ್ತರ ಬಂತು. ದಯವಿಟ್ಟು ಬಿಡಬೇಡಿ. ದಕ್ಷಿಣ ಅಮೆರಿಕದ ಈ ಮೀನು ಒಂದಡಿಗೂ ಮೀರಿ ಬೆಳೆದು, ದಂಡೆಯಲ್ಲಿ ಬಿಲ ಕೊರೆದು, ನಮ್ಮ ದೇಶದ ಹಲವು ಕೆರೆಗಳಲ್ಲಿ ಈಗಾಗಲೇ ಕಾಟ ಕೊಡುತ್ತಿದೆ.

ಹಣ ಹಿಂದಿರುಗಿಸಿರೆಂದು ಕೇಳಲು ಹೋದಾಗ, ನನ್ನ ಬಳಿ ಇದ್ದದ್ದು ಅಂಗಡಿಯ ಹೆಸರಾಗಲಿ ತಾರೀಖಾಗಲಿ ಇಲ್ಲದ ಒಂದು ಕಚ್ಚಾ ಚೀಟಿ. ಗ್ರಾಹಕರ ಆಯೋಗಕ್ಕೆ ಏನೆಂದು ದೂರು ಕೊಡಲಿ? ಆದ್ದರಿಂದ ಪಕ್ಕಾ ಬಿಲ್ ಕೊಡದ, ಸತ್ತ ಮೀನನ್ನು ತೊಟ್ಟಿಯಲ್ಲೇ ಬಿಟ್ಟಿರುವ, ಅಕ್ವೇರಿಯಂ ಮತ್ತು ಮೀನನ್ನು ಒಂದೇ ದಿನ ಕಟ್ಟಿಕೊಡುವ ಅಂಗಡಿಯಿಂದ ಬರಿಗೈಯಲ್ಲಿ ಹೊರಬನ್ನಿ.

ಈಗಾಗಲೇ ತಂದಿದ್ದು, ಮೀನು ಇನ್ನೂ ಉಸಿರಾಡುತ್ತಿದ್ದರೆ, ಒಂದೆರಡು ದಿನ ಆಹಾರ ನಿಲ್ಲಿಸಿ; ಉಪವಾಸದಿಂದ ಅವು ಸಾಯುವುದಿಲ್ಲ. ಕ್ಲೋರಿನ್ ಹಾರಿಹೋಗಲೆಂದು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟ ನೀರಿನಿಂದ ಕಾಲು ಭಾಗ ನೀರನ್ನಷ್ಟೇ ದಿನವೂ ಬದಲಿಸಿ, ಸ್ಪಂಜನ್ನು ಅಕ್ವೇರಿಯಂನಿಂದ ತೆಗೆದ ನೀರಿನಲ್ಲೇ ಹಿಂಡಿ. ಕರೆಂಟ್ ಹೋಗಿ ಪಂಪ್ ನಿಂತರೆ ಲೋಟದಿಂದ ನೀರನ್ನು ಎತ್ತಿ ಎತ್ತಿ ಸುರಿಯುತ್ತಿರಿ. ಹೀಟರನ್ನು ಮಾತ್ರ ಅವರು ವಾಪಸ್ ತೆಗೆದುಕೊಳ್ಳುವುದಿಲ್ಲ. ನನ್ನದು ಡಬ್ಬಿಯ ಸಮೇತ ಅಟ್ಟದ ಮೇಲಿದೆ.